ಉಳಿ ಕೆಳಗಿಟ್ಟು ಹೋದವರು

ಕಳೆದ ನವೆಂಬರಿನಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ನ್ಯಾಚೆಜ್ ಊರಿಗೆ ಹೋಗಿ ಬಂದೆ. ಅಲ್ಲಿ ಕೇಳಿದ ಒಂದು ಮಾತು ಇನ್ನೂ ತಲೆಯಲ್ಲೇ ಕೂತಿದೆ. ಲಾಂಗ್‌ವುಡ್ ಅನ್ನುವ ಮನೆ ತೋರಿಸುತ್ತಿದ್ದ ಹೆಂಗಸು ನಮ್ಮನ್ನು ಮೇಲಿನ ಮಹಡಿಗೆ ಕರೆದುಕೊಂಡು ಹೋದರು. ಗಿಲಾವು ಕಾಣದ ಇಟ್ಟಿಗೆ ಗೋಡೆ, ತಲೆ ಎತ್ತಿದರೆ ಬರೀ ತೊಲೆಗಳು, ಅದರಾಚೆ ಗುಮ್ಮಟದ ಟೊಳ್ಳು. ಒಂದು ಕಡೆ ಬಡಗಿಗಳ ಮೇಜು, ಪೆಟ್ಟಿಗೆ, ಒಣಗಿಹೋದ ಬಣ್ಣದ ಡಬ್ಬಿ. "1861ರಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಯುದ್ಧ ಶುರುವಾದ ಸುದ್ದಿ ಬಂತು. ಕೆಲಸದವರು ಕೈಲಿದ್ದ ಉಳಿ, ಸುತ್ತಿಗೆ ಕೆಳಗಿಟ್ಟು ತಮ್ಮ ಊರಿಗೆ ಹೊರಟುಹೋದರು" ಎಂದರು. ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. 160 ವರ್ಷದ ಹಿಂದೆ ನಿಂತುಹೋದ ಒಂದು ಮಧ್ಯಾಹ್ನ ಅಲ್ಲೇ ಇದ್ದಂತಿತ್ತು.

ಆಮೇಲೆ ಕೆಳಗಿಳಿದೆವು. ಎಂಟು ಮೂಲೆಯ ಆ ಮನೆಗೆ 32 ಕೋಣೆಗಳ ನಕ್ಷೆ ಹಾಕಿದ್ದರು. ಮುಗಿದದ್ದು ನೆಲಮಾಳಿಗೆಯ 9 ಕೋಣೆ ಮಾತ್ರ. ಮಾಲೀಕ ಹ್ಯಾಲರ್ ನಟ್ 1864ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಹೆಂಡತಿ ಜೂಲಿಯಾ ಮಕ್ಕಳನ್ನು ಕಟ್ಟಿಕೊಂಡು ಆ 9 ಕೋಣೆಗಳಲ್ಲೇ 1897ರವರೆಗೆ ಬದುಕಿದಳು. ಹಾಗಾದರೆ ಬಡಗಿಗಳು ಹೋದ ಮೇಲೆ ಆ 9 ಕೋಣೆ ಮುಗಿಸಿದವರು ಯಾರು? ಕೇಳಿದೆ. "ಇಲ್ಲಿನ ಗುಲಾಮರು" ಎಂದರು ಆಕೆ. ದನಿಯಲ್ಲಿ ಯಾವ ಮುಚ್ಚುಮರೆಯೂ ಇರಲಿಲ್ಲ. ಆದರೆ ಆ ಮಾತು ಅಲ್ಲಿಗೇ ಮುಗಿಯಿತು, ನಾವು ಮುಂದಿನ ಕೋಣೆಗೆ ಹೋದೆವು.

ನನ್ನನ್ನು ಕಾಡಿದ್ದು ಇದೇ. ಒಂದೇ ಮನೆಯಲ್ಲಿ ಎರಡು ಥರದ ಕೆಲಸದವರು. ಫಿಲಡೆಲ್ಫಿಯಾದಿಂದ ಬಂದ ಬಡಗಿಗಳು ಕೆಲಸ ಬಿಟ್ಟು ಹೋಗಬಲ್ಲವರು. ಅವರು ಬಿಟ್ಟುಹೋದ ಸಾಮಾನನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದಾರೆ. ಹೋಗಲಾರದವರು ಉಳಿದ ಕೆಲಸ ಮುಗಿಸಿದರು. ಅವರ ಉಳಿ ಯಾವುದು, ಎಲ್ಲಿಟ್ಟರು, ಯಾರಿಗೂ ತೋರಿಸಲು ಏನೂ ಉಳಿದಿಲ್ಲ.

ದಿಬ್ಬದ ಮೇಲಿನ ಊರು

ಹ್ಯೂಸ್ಟನ್‌ನಿಂದ ಹೋದರೆ ಲೂಯಿಸಿಯಾನದ ಬಯಲು ದಾಟಿ ವಿಡೇಲಿಯಾ ಎಂಬ ಊರಿನಲ್ಲಿ ಮಿಸಿಸಿಪ್ಪಿ ನದಿಯ ಸೇತುವೆ ಹತ್ತಬೇಕು. ಅಲ್ಲಿಯವರೆಗೆ ಎರಡೂ ಕಡೆ ತಟ್ಟೆಯಂಥ ಭೂಮಿ. ಹತ್ತಿಯ ಸುಗ್ಗಿ ಮುಗಿಯುತ್ತಾ ಬಂದಿತ್ತು. ಹೊಲದಂಚಿನಲ್ಲಿ ಗುಲಾಬಿ, ಹಳದಿ ಪ್ಲಾಸ್ಟಿಕ್ ಸುತ್ತಿದ ಹತ್ತಿಯ ಭಾರಿ ಉರುಳೆಗಳು ಸಾಲಾಗಿ ಬಿದ್ದಿದ್ದವು. ಮನೆಯಷ್ಟು ಎತ್ತರದ ಒಂದು ಯಂತ್ರ, ಅದರೊಳಗೆ ಒಬ್ಬನೇ ಮನುಷ್ಯ. ಸೇತುವೆ ಮೇಲೆ ಬಂದಾಗ ಎದುರಿಗೆ ದಿಢೀರನೆ ಸುಮಾರು 200 ಅಡಿ ಎತ್ತರದ ಮಣ್ಣಿನ ದಿಬ್ಬ. ಅದರ ನೆತ್ತಿಯ ಮೇಲೆ ಊರು. ಬಿಳಿ ಕಂಬಗಳ ಮನೆಗಳು ಮರಗಳ ನಡುವೆ ಕಾಣುತ್ತವೆ. ದಿಬ್ಬದ ಕೆಳಗೆ, ನೀರಿನ ಪಕ್ಕ, ಒಂದು ಸಣ್ಣ ಬೀದಿ. ದೋಣಿಯವರು, ಹಮಾಲರು, ಜೂಜಿನವರು ಇದ್ದ ಆ ಕೆಳಗಿನ ಕೇರಿಗೆ 'ಗುಡ್ಡದಡಿಯ ನ್ಯಾಚೆಜ್' ಅಂತಲೇ ಹೆಸರಿತ್ತು. ಹತ್ತಿ ಹೋಗುತ್ತಿದ್ದದ್ದು ಅಲ್ಲಿಂದ. ದುಡ್ಡು ಉಳಿಯುತ್ತಿದ್ದದ್ದು ಮೇಲೆ.

ನ್ಯಾಚೆಜ್ ಅನ್ನುವುದು ಮೊದಲು ಊರಿನ ಹೆಸರಲ್ಲ, ಜನರ ಹೆಸರು. ಫ್ರೆಂಚರು 1716ರಲ್ಲಿ ಇಲ್ಲಿ ಕೋಟೆ ಕಟ್ಟಿದರು. ತಂಬಾಕು ಬೆಳೆಯಲು ಹೊಲ ಬೇಕು, ನಿಮ್ಮ ಹಳ್ಳಿ ಬಿಟ್ಟುಕೊಡಿ ಎಂದು ಅವರ ಅಧಿಕಾರಿ ಕೇಳಿದಾಗ ಆ ಜನ 1729ರಲ್ಲಿ ತಿರುಗಿಬಿದ್ದರು. 200ಕ್ಕೂ ಹೆಚ್ಚು ಫ್ರೆಂಚರು ಸತ್ತರು. ಫ್ರೆಂಚರು ಇದರ ಸೇಡು ತೀರಿಸಿಕೊಂಡರು. ಸಿಕ್ಕ ನೂರಾರು ಜನರನ್ನು ಹಡಗು ಹತ್ತಿಸಿ, ಈಗ ಹೈಟಿ ಅನ್ನುವ ನಾಡಿಗೆ ಒಯ್ದು ಮಾರಿದರು. ಉಳಿದವರು ಬೇರೆ ಬೇರೆ ಬುಡಕಟ್ಟುಗಳ ಜೊತೆ ಸೇರಿಹೋದರು. ಊರಿನ ಹೆಸರಿನಲ್ಲೇ ಹೀಗೊಂದು ಮಾರಾಟ ಇದೆ ಅನ್ನುವುದು ಅಲ್ಲಿ ಹೋಗುವವರೆಗೂ ನನಗೆ ಗೊತ್ತಿರಲಿಲ್ಲ.

ಫ್ರೆಂಚರ ನಂತರ ಬ್ರಿಟಿಷರು, ಅವರ ನಂತರ ಸ್ಪೇನಿನವರು, 1798ರಲ್ಲಿ ಅಮೆರಿಕ. ಅಷ್ಟೊತ್ತಿಗೆ ಹತ್ತಿ ಬಂದಾಗಿತ್ತು. ಎಲೈ ವಿಟ್ನಿಯ ಜಿನ್ ಯಂತ್ರ 1793ರದ್ದು. ಕೈಯಿಂದ ಕಾಳು ಬಿಡಿಸಿದರೆ ಒಬ್ಬರಿಗೆ ದಿನಕ್ಕೆ ಒಂದು ಪೌಂಡ್ ಅರಳೆ ಆಗುವುದೇ ಕಷ್ಟ. ಯಂತ್ರ ಬಂದ ಮೇಲೆ 50 ಪೌಂಡ್. ಕಾಳು ಬಿಡಿಸುವ ಕಷ್ಟ ಕಡಿಮೆಯಾಯಿತಲ್ಲ, ಗುಲಾಮರ ಕೆಲಸವೂ ಕಡಿಮೆಯಾಗಿರಬೇಕು ಅನ್ನಿಸುತ್ತದೆ ಅಲ್ವಾ? ಆದದ್ದು ಉಲ್ಟಾ. ಎಷ್ಟು ಹತ್ತಿ ಬಂದರೂ ಅರೆಯಬಹುದು ಅಂತಾದ ಮೇಲೆ ಎಷ್ಟು ಜನ ಬಂದರೂ ಸಾಲದಾಯಿತು. ಹ್ಯಾಲರ್ ನಟ್‌ನ ಅಪ್ಪ ರಶ್ ನಟ್ ಇಲ್ಲಿಗೆ ಹತ್ತಿರದ ರಾಡ್ನಿ ಎಂಬಲ್ಲಿ ಮೆಕ್ಸಿಕೋದ ಬೀಜ ತಂದು ತಳಿ ಹದಗೊಳಿಸಿದ. ಅದಕ್ಕೆ ಪೆಟಿಟ್ ಗಲ್ಫ್ ಅಂತ ಹೆಸರು. ಕಾಯಿ ಅಗಲವಾಗಿ ಬಿರಿಯುತ್ತಿತ್ತು, ಬಿಡಿಸಲು ಸಲೀಸು. ಬಿಡಿಸಲು ಸಲೀಸಾದಷ್ಟೂ ದಿನದ ತೂಕ ಏರಿತು. 1850ರ ಹೊತ್ತಿಗೆ ಒಬ್ಬ ಆಳಿನಿಂದ ದಿನಕ್ಕೆ 150ರಿಂದ 200 ಪೌಂಡ್ ಕೇಳುತ್ತಿದ್ದರು. ಸಂಜೆ ತೂಕ. ಕಡಿಮೆ ಬಿದ್ದರೆ ಚಾಟಿ.

ಆ ಹತ್ತಿಯಿಂದ ಎದ್ದ ಸಾಹುಕಾರರನ್ನು ಜನ 'ನೇಬಾಬ್' ಎಂದು ಕರೆಯುತ್ತಿದ್ದರು. ನಮ್ಮ ನವಾಬ ಅನ್ನುವ ಪದವೇ ಕಂಪನಿಯವರ ಬಾಯಿಯಿಂದ ಲಂಡನ್‌ಗೆ ಹೋಗಿ ಇಲ್ಲಿಗೆ ಬಂದಿದೆ. ಮೆಲ್ರೋಸ್ ಅನ್ನುವ ಇನ್ನೊಂದು ಮನೆಯಲ್ಲಿ ಊಟದ ಮೇಜಿನ ಮೇಲೆ ಮರದ ದೊಡ್ಡದೊಂದು ಬೀಸಣಿಗೆ ತೂಗುಹಾಕಿದೆ. ಅದರ ಹೆಸರು 'ಪಂಕಾ'. ಅದಕ್ಕೆ ಕಟ್ಟಿದ ಹಗ್ಗ ಎಳೆಯುತ್ತಾ ಮೂಲೆಯಲ್ಲಿ ನಿಲ್ಲುತ್ತಿದ್ದದ್ದು ಗುಲಾಮರ ಮನೆಯ ಮಗು. ಪದ ಕೇಳಿ ಮೊದಲು ಖುಷಿಯಾಯಿತು. ಹಗ್ಗ ನೋಡಿದ ಮೇಲೆ ಆ ಖುಷಿ ಉಳಿಯಲಿಲ್ಲ.

ಕವಲುದಾರಿ

ಊರಿನ ಪೂರ್ವದ ಅಂಚಿನಲ್ಲಿ ಎರಡು ರಸ್ತೆ ಕೂಡುವ ಜಾಗವಿದೆ. ಫೋರ್ಕ್ಸ್ ಆಫ್ ದ ರೋಡ್, ಅಂದರೆ ಕವಲುದಾರಿ. ನ್ಯೂ ಆರ್ಲಿಯನ್ಸ್ ಬಿಟ್ಟರೆ ಆ ಸೀಮೆಯಲ್ಲೇ ಎರಡನೇ ದೊಡ್ಡ ಗುಲಾಮರ ಸಂತೆ ಇದು. ಇದು ಊರಾಚೆ ಹೋದದ್ದಕ್ಕೂ ಒಂದು ಕಥೆಯಿದೆ. 1833ರಲ್ಲಿ ಕಾಲರಾ ಬಂತು. ಐಸಾಕ್ ಫ್ರಾಂಕ್ಲಿನ್ ಎಂಬ ದೊಡ್ಡ ವ್ಯಾಪಾರಿ ಮಾರಲು ತಂದವರಲ್ಲಿ ಸತ್ತವರನ್ನು ಗುಟ್ಟಾಗಿ ಕೊರಕಲಿನಲ್ಲಿ ಹೂತಿದ್ದು ಬಯಲಾಯಿತು. ಊರಿನವರಿಗೆ ಭಯವಾಯಿತು. ಹೊರಗಿನ ವ್ಯಾಪಾರಿಗಳು ಊರೊಳಗೆ ಗುಲಾಮರನ್ನು ಮಾರಬಾರದು ಅಂತ ಕಾನೂನು ಮಾಡಿದರು. ಸಂತೆ ಗಡಿಯಾಚೆಗೆ ಸರಿದು ಮತ್ತೆ 30 ವರ್ಷ ನಡೆಯಿತು.

ಇಲ್ಲಿ ಹರಾಜು ಕೂಗುತ್ತಿರಲಿಲ್ಲ. ಅಂಗಡಿಯಂತೆ ಇತ್ತು. ಗಂಡಸರಿಗೆ ಒಳ್ಳೆಯ ಕೋಟು, ಟೊಪ್ಪಿ, ಹೆಂಗಸರಿಗೆ ಹೂವಿನ ಛೀಟಿನ ಬಟ್ಟೆ ತೊಡಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಗಿರಾಕಿ ಬಂದು ಹಲ್ಲು ನೋಡಿ, ನಡೆಸಿ ನೋಡಿ ಚೌಕಾಸಿ ಮಾಡುತ್ತಿದ್ದ. ವರ್ಜೀನಿಯಾದ ಕಡೆಯಿಂದ ಸಾವಿರ ಮೈಲಿಯಷ್ಟು ದೂರ ಇಬ್ಬಿಬ್ಬರನ್ನು ಸರಪಳಿಯಲ್ಲಿ ಬಿಗಿದು ನಡೆಸಿಕೊಂಡು ಬರುತ್ತಿದ್ದರು. ಅಲ್ಲಿ ತಂಬಾಕಿನ ಭೂಮಿ ಸೋತಿತ್ತು, ಇಲ್ಲಿ ಹತ್ತಿಗೆ ಕೈ ಬೇಕಿತ್ತು. 1860ರ ಜನಗಣತಿಯಲ್ಲಿ ಮಿಸಿಸಿಪ್ಪಿ ರಾಜ್ಯದ 7,91,305 ಜನರಲ್ಲಿ 4,36,631 ಜನ ಗುಲಾಮರು. ಅರ್ಧಕ್ಕಿಂತ ಜಾಸ್ತಿ.

ಹೊರಟುಹೋಗಲು ನೋಡಿದವರು ಇರಲಿಲ್ಲವೇ? ಇದ್ದರು. ಅಬ್ದುಲ್ ರಹಮಾನ್ ಇಬ್ರಾಹಿಮ ಪಶ್ಚಿಮ ಆಫ್ರಿಕಾದ ಫೂಟಾ ಜಾಲೋನ್ ಎಂಬ ನಾಡಿನ ಅರಸನ ಮಗ. ಯುದ್ಧದಲ್ಲಿ ಸೆರೆಸಿಕ್ಕು 1788ರಲ್ಲಿ ನ್ಯಾಚೆಜ್‌ಗೆ ಬಂದ, ಥಾಮಸ್ ಫಾಸ್ಟರ್ ಎಂಬ ರೈತ ಕೊಂಡುಕೊಂಡ. ಬಂದ ಹೊಸದರಲ್ಲೇ ಓಡಿಹೋಗಿ ಕಾಡು ಸೇರಿದ. ಕೆಲವು ವಾರ ಕಳೆಯಿತು. ಹೋಗಲು ಊರೇ ಇಲ್ಲ ಎಂದು ಅರ್ಥವಾಗಿ ತಾನೇ ವಾಪಸು ಬಂದ. ಎಲ್ಲದಕ್ಕಿಂತ ಹೆಚ್ಚು ಇದೇ ನನ್ನನ್ನು ಕಲಕಿದ್ದು. ಸರಪಳಿ ಬೇಕಾಗಲಿಲ್ಲ. ಸುತ್ತಲಿನ ನಾಡೇ ಸರಪಳಿ. 1807ರಲ್ಲಿ ಅವನು ಸಂತೆಯಲ್ಲಿ ತರಕಾರಿ ಮಾರುವಾಗ ಜಾನ್ ಕಾಕ್ಸ್ ಎಂಬ ಡಾಕ್ಟರ್ ಗುರುತು ಹಿಡಿದ. ಆ ಡಾಕ್ಟರು ವರ್ಷಗಳ ಹಿಂದೆ ಆಫ್ರಿಕಾದಲ್ಲಿ ದಾರಿ ತಪ್ಪಿ ಸಾಯುವಂತಿದ್ದಾಗ ಕಾಪಾಡಿದ್ದು ಇಬ್ರಾಹಿಮನ ಅಪ್ಪನೇ. ಡಾಕ್ಟರು ಕೊಂಡು ಬಿಡಿಸಲು ನೋಡಿದರು. ಫಾಸ್ಟರ್ ಮಾರಲು ಒಪ್ಪಲಿಲ್ಲ, ಅಷ್ಟು ಒಳ್ಳೆಯ ಆಳು. ಬಿಡುಗಡೆ ಸಿಕ್ಕಿದ್ದು 1828ರಲ್ಲಿ, 40 ವರ್ಷದ ಮೇಲೆ. ಹೆಂಡತಿಯ ಬಿಡುಗಡೆಗೆ ಊರಿನವರು ಚಂದಾ ಎತ್ತಿದರು. ಅವರಿಬ್ಬರೂ ಹೊರಟಾಗ ಮಕ್ಕಳೆಲ್ಲ ಇಲ್ಲೇ ಉಳಿದರು. ಮರುವರ್ಷ ಲೈಬೀರಿಯಾದಲ್ಲಿ, ತನ್ನ ಊರು ತಲುಪುವ ಮೊದಲೇ, ತೀರಿಕೊಂಡ.

ವಿಲಿಯಂ ಜಾನ್ಸನ್ ಎಂಬ ಕ್ಷೌರಿಕನ ಮನೆ ಊರ ನಡುವೆ ಈಗಲೂ ಇದೆ. ಗುಲಾಮನಾಗಿ ಹುಟ್ಟಿ 11ನೇ ವಯಸ್ಸಿನಲ್ಲಿ ಬಿಡುಗಡೆಯಾದ ಕಪ್ಪು ಮನುಷ್ಯ. 1835ರಿಂದ 1851ರವರೆಗೆ ದಿನಚರಿ ಬರೆದ. ನದಿಯ ಮಟ್ಟ, ಸಾಲ, ಕುದುರೆ ಜೂಜು, ಬೀದಿ ಜಗಳ ಎಲ್ಲ ಅದರಲ್ಲಿದೆ. ಅವನೂ ಗುಲಾಮರನ್ನು ಇಟ್ಟುಕೊಂಡಿದ್ದ. ಓದುವಾಗ ಅದನ್ನು ನುಂಗಿಕೊಳ್ಳುವುದು ಕಷ್ಟ. ಜಮೀನಿನ ಗಡಿ ತಕರಾರಿನಲ್ಲಿ 1851ರಲ್ಲಿ ಅವನನ್ನು ಗುಂಡು ಹಾಕಿ ಕೊಂದರು. ಕೊಂದವನು ತಾನು ಬಿಳಿಯ ಎಂದು ಹೇಳಿಕೊಂಡ. ನೋಡಿದವರೆಲ್ಲ ಕಪ್ಪು ಜನ. ಬಿಳಿಯನ ವಿರುದ್ಧ ಅವರ ಸಾಕ್ಷಿ ನಡೆಯುವಂತಿರಲಿಲ್ಲ. ಕೊನೆಗೆ ಶಿಕ್ಷೆಯಾಗಲಿಲ್ಲ.

ಆಯಿಯ ಗಂಟು

ನಾನು ಇದನ್ನೆಲ್ಲ ಸುಮ್ನೆ ಪ್ರವಾಸಿಗನಂತೆ ನೋಡಿ ಬರಲು ಆಗಲಿಲ್ಲ. ನನ್ನ ಆಯಿ, ಅಂದರೆ ಅಜ್ಜಿ, ಕೂಲಿಗೆ ಹತ್ತಿ ಬಿಡಿಸುತ್ತಿದ್ದಳು. ಹುಬ್ಬಳ್ಳಿಯಿಂದ ಕುಸುಗಲ್ ದಾಟಿ ನವಲಗುಂದದ ಕಡೆ ಹೋಗುವ ಎರೆಭೂಮಿಯಲ್ಲಿ ಅವಳ ಊರು. ಶಿವರಾತ್ರಿ ಆಸುಪಾಸಿನಲ್ಲಿ ರಜೆಗೆ ಹೋದಾಗ ನಾನೂ ಹೊಲಕ್ಕೆ ಹೋಗುತ್ತಿದ್ದೆ. ಸೀರೆಯ ಸೆರಗನ್ನು ಮುಂದೆ ಉಡಿ ಕಟ್ಟಿಕೊಂಡು ಎರಡೂ ಕೈಯಿಂದ ಬಿಡಿಸುತ್ತಾ ಹೋಗುತ್ತಿದ್ದಳು. ಬಿರಿದು ಒಣಗಿದ ಕಾಯಿಯ ತುದಿ ಮುಳ್ಳಿನ ಹಾಗೆ. ಉಗುರಿನ ಬುಡದಲ್ಲಿ ಚುಚ್ಚಿ ಚುಚ್ಚಿ ರಕ್ತ ಹೆಪ್ಪುಗಟ್ಟಿರುತ್ತಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ದೀಪದ ಹತ್ತಿರ ಬೆರಳು ಹಿಡಿದು ನೋಡಿಕೊಳ್ಳುತ್ತಿದ್ದಳು. ಇಡೀ ದಿನ ಬಗ್ಗಿದರೆ ಹತ್ತು, ಹೆಚ್ಚೆಂದರೆ ಹದಿನೈದು ಕಿಲೋ. ನಮ್ಮ ಕಾಯಿ ಚಿಕ್ಕದು, ನಿಜ. ಆದರೂ 200 ಪೌಂಡ್ ಅಂದರೆ 90 ಕಿಲೋ. ಆ ಲೆಕ್ಕ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಉಗುರಿನ ಬುಡ.

ಒಂದು ಸಂಜೆ ಬೇವಿನ ಮರದ ಕೆಳಗೆ ತೂಕ ನಡೆದಿತ್ತು. ಕೊಂಬೆಗೆ ತಕ್ಕಡಿ ಕಟ್ಟಿದ್ದರು. ಆಯಿಯ ಗಂಟು ಒಂಬತ್ತು ಕಿಲೋ ಅಂತ ಹೊಲದವನ ಕಡೆಯವನು ಕೂಗಿದ. ಆಯಿ ಗಂಟನ್ನು ವಾಪಸು ಕೈಗೆ ತೆಗೆದುಕೊಂಡು ಒಮ್ಮೆ ಎತ್ತಿ ಇಳಿಸಿದಳು. "ಹನ್ನೊಂದ ಐತಿ. ನನ್ನ ಕೈ ಸುಳ್ಳ ಹೇಳೂದಿಲ್ಲ. ನಿಮ್ಮ ತಕ್ಕಡಿ ಹೇಳತೈತಿ" ಎಂದಳು. ಅವನು ಬೈದ. ಅವಳು ತಿರುಗಿ ಬೈಯಲಿಲ್ಲ. ಗಂಟನ್ನು ಅಲ್ಲೇ ಇಟ್ಟು, ಸೆರಗು ಬಿಚ್ಚಿ ಕೊಡವಿ, ನನ್ನ ಕೈ ಹಿಡಿದು ಹೊರಟಳು. ಹಿಂದೆ ತಿರುಗಿ ನೋಡಿದರೆ ಉಳಿದ ಹೆಂಗಸರೂ ಬರುತ್ತಿದ್ದರು. ಎರಡು ದಿನ ಯಾರೂ ಹೋಗಲಿಲ್ಲ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತರು. ಮನೆಯಲ್ಲಿ ಆ ಎರಡು ದಿನ ರೊಟ್ಟಿಗೆ ಬರೀ ಖಾರಪುಡಿ, ಎಣ್ಣೆ. ಮೂರನೇ ದಿನ ಹೊಲದವನೇ ಬಂದ. "ಬರ್ರಿ ಯವ್ವಾ, ಹತ್ತಿ ಉದರಾಕತ್ತೈತಿ" ಎಂದ. ಬೇರೆ ತಕ್ಕಡಿ ಬಂತು.

ನಮ್ಮ ಕಡೆ ಎಲ್ಲರೂ ಹಾಗೆ ಎದ್ದು ಹೋಗಬಹುದಿತ್ತು ಅಂತ ನಾನು ಹೇಳುತ್ತಿಲ್ಲ. ಸಾಲಕ್ಕೆ ಸಿಕ್ಕಿ ಜೀತಕ್ಕೆ ಇದ್ದವರು ಅದೇ ಊರಲ್ಲಿದ್ದರು. ಜೀತ ಕಾನೂನಿನಲ್ಲಿ ನಿಂತದ್ದೇ 1976ರಲ್ಲಿ. ಆಯಿಗೆ ಆ ಸಂಜೆ ಎದ್ದು ಹೋಗಲು ಸಾಧ್ಯವಾಯಿತು, ಅಷ್ಟೇ. ಆ 'ಅಷ್ಟೇ' ಎಷ್ಟು ದೊಡ್ಡದು ಅಂತ ನನಗೆ ಲಾಂಗ್‌ವುಡ್‌ನ ಮೆಟ್ಟಿಲ ಮೇಲೆ ತಿಳಿಯಿತು.

ಇನ್ನೊಂದು ಎಳೆ ಇದೆ. ಮ್ಯಾಂಚೆಸ್ಟರ್ ಗಿರಣಿಗಳಿಗೆ ಅಮೆರಿಕದ ಹತ್ತಿಯೊಂದನ್ನೇ ನಂಬಿ ಕೂರುವುದು ಬೇಡವಾಗಿತ್ತು. ಹಾಗಾಗಿ ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ದಕ್ಷಿಣದಿಂದ 10 ಜನ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಹಿಂದುಸ್ತಾನಕ್ಕೆ ಕರೆತಂದಿತು. ಅವರಲ್ಲಿ ಮರ್ಸರ್ ಎಂಬವನು ಧಾರವಾಡ ಜಿಲ್ಲೆಗೆ ಬಂದು ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ನಡೆಸಿದ. ಹೌದು, ಆಯಿಯ ಊರಿಗೆ ಹೋಗುವಾಗ ಬಸ್ಸು ನಿಲ್ಲುತ್ತಿದ್ದ ಅದೇ ಕುಸುಗಲ್. ಬಿತ್ತಿದ್ದು ನ್ಯೂ ಆರ್ಲಿಯನ್ಸ್ ಬೀಜ. ನ್ಯಾಚೆಜ್ ಸುತ್ತಿನ ಹತ್ತಿ ಹೋಗಿ ಇಳಿಯುತ್ತಿದ್ದ ಬಂದರಿನ ಹೆಸರು ಅದು. ಬೇರೆ ಕಡೆ ಸೋತ ಆ ಬೀಜ ನಮ್ಮ ಎರೆಯಲ್ಲಿ ಹಿಡಿಯಿತು. ಜವಾರಿ ಹತ್ತಿಯ ಪಕ್ಕದಲ್ಲಿ ವಿಲಾಯತಿ ಹತ್ತಿ ಅಂತ ಹೆಸರಾಯಿತು. ಮುಂದೆ ಗದಗ ನಂಬರ್ 1 ತಳಿ ಆರಿಸಿದ್ದೂ ಈ ಧಾರವಾಡ-ಅಮೆರಿಕನ್ ಹತ್ತಿಯಿಂದಲೇ. ಆದರೆ ಮರ್ಸರ್ ಕೊನೆಗೆ ಸರ್ಕಾರಕ್ಕೆ ಹೇಳಿದ್ದು ಬೇರೆ. ಈ ಪ್ರಯೋಗದ ಹೊಲಗಳು ದಂಡದ ಖರ್ಚು, ಅಮೆರಿಕದ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ, ಇಲ್ಲಿನ ರೈತರೇ ತಮ್ಮ ನೆಲ, ಹವೆ ತಿಳಿದು ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಚೆನ್ನಾಗಿ ಬೆಳೆಯುತ್ತಾರೆ ಅಂತ. ಬೀಜ ಹಡಗು ಹತ್ತಿ ಬಂತು. ಅದನ್ನು ಬೆಳೆಸುತ್ತಿದ್ದ ಪದ್ಧತಿ ಬರಲಿಲ್ಲ.

ಇಪ್ಪತ್ತು ವರ್ಷದ ಮೇಲೆ ಆ ಕಡೆ ಯುದ್ಧ ಶುರುವಾಗಿ ಲಾಂಗ್‌ವುಡ್‌ನ ಬಡಗಿಗಳು ಉಳಿ ಕೆಳಗಿಟ್ಟ ಹೊತ್ತಿನಲ್ಲಿ, ಈ ಕಡೆ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ರೇಟು ಬಂತು. ಹುಬ್ಬಳ್ಳಿಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಯಿತು. 1865ರಲ್ಲಿ ಯುದ್ಧ ನಿಂತಿತು, ರೇಟೂ ಬಿತ್ತು, ಸಾಲ ಉಳಿಯಿತು.

ಹಲಗೆ ಕಿತ್ತವರು

ನ್ಯಾಚೆಜ್ ಮಟ್ಟಿಗೆ ಯುದ್ಧ ಅಂದರೆ ದೊಡ್ಡ ಕಾದಾಟ ಆಗಲಿಲ್ಲ. 1862ರಲ್ಲೇ ಊರು ಶರಣಾಯಿತು. ಮನೆಗಳು ಉಳಿದದ್ದು ಅದಕ್ಕೇ. 1863ರ ಜುಲೈಯಲ್ಲಿ, ಗುಲಾಮರನ್ನು ಬಿಡುಗಡೆ ಮಾಡುತ್ತಿದ್ದ ಉತ್ತರದ ಸೈನ್ಯ ಬಂದು ನೆಲೆ ನಿಂತಿತು. ಸುದ್ದಿ ಹರಡುತ್ತಿದ್ದಂತೆ ಹೊಲಗಳಿಂದ ಜನ ಎದ್ದು ನಡೆದರು. ಸಾವಿರಾರು ಜನ. ಗಂಡಸರಲ್ಲಿ ಎಷ್ಟೋ ಮಂದಿ ಸೈನ್ಯ ಸೇರಿದರು. ಅವರಿಗೆ ಉಳಿಯಲು ಬ್ಯಾರಕ್ ಬೇಕಿತ್ತು. ಕವಲುದಾರಿಯ ಸಂತೆಯ ಕೊಟ್ಟಡಿಗಳನ್ನು ಕೆಡವಿ ಆ ಹಲಗೆ ತನ್ನಿ ಅಂತ ಆಜ್ಞೆಯಾಯಿತು. ಕಪ್ಪು ಸೈನಿಕರು ಹೋಗಿ ಅದನ್ನು ಕಿತ್ತರು. ಅದೇ ಕೊಟ್ಟಡಿಗಳಲ್ಲಿ ಒಮ್ಮೆ ಮಾರಾಟಕ್ಕೆ ನಿಂತವರೂ ಆ ಗುಂಪಿನಲ್ಲಿದ್ದರು. ಲಾಂಗ್‌ವುಡ್‌ನ ಬಡಗಿಗಳ ಉಳಿಯ ಕಥೆ ಊರಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಕೇಳಿದರೆ ಊರಿನ ದೊಡ್ಡ ಕಥೆ ಈ ಹಲಗೆಯದು.

ಡನ್‌ಲೀತ್ ಮನೆಯಲ್ಲಿ ಊಟದ ಹೊತ್ತಿಗೆ ಬೀಸಣಿಗೆ ಬೀಸುತ್ತಿದ್ದ ಒಬ್ಬ ಹುಡುಗನಿದ್ದ, ಜಾನ್ ಲಿಂಚ್. ಯಜಮಾನಿತಿಗೆ ಎದುರಾಡಿದ ಅಂತ ನದಿಯಾಚೆಯ ಹೊಲಕ್ಕೆ ಅಟ್ಟಿದ್ದರು. ಬಿಡುಗಡೆಯಾದಾಗ ಅವನಿಗೆ ವಯಸ್ಸು 16ರ ಆಸುಪಾಸು. ನ್ಯಾಚೆಜ್‌ನಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಾ ಓದು ಕಲಿತ. 1872ರಲ್ಲಿ ಮಿಸಿಸಿಪ್ಪಿ ವಿಧಾನಸಭೆಯ ಸ್ಪೀಕರ್ ಆದ. ಇದೇ ಊರಿನ ಚರ್ಚಿನಲ್ಲಿ ಪಾದ್ರಿಯಾಗಿದ್ದ ಹೈರಮ್ ರೆವೆಲ್ಸ್ 1870ರಲ್ಲಿ ಅಮೆರಿಕದ ಸೆನೆಟ್ ಸೇರಿದ ಮೊದಲ ಕಪ್ಪು ಮನುಷ್ಯ. ಒಂದೇ ಹತ್ತು ವರ್ಷದಲ್ಲಿ ಇಷ್ಟು! ಆ ಬಾಗಿಲು ಬೇಗ ಮುಚ್ಚಿತು. ಕಪ್ಪು ಜನರ ಮತ ಕಿತ್ತುಕೊಂಡರು, ಪಾಲಿಗೆ ಹೊಲ ಮಾಡಿಸಿ ಸಾಲದಲ್ಲಿ ಕಟ್ಟಿಹಾಕಿದರು. 1908ರ ಹೊತ್ತಿಗೆ ಕಾಯಿ ತಿನ್ನುವ ಹುಳು ಬಂದು ಹತ್ತಿಯೇ ಮಲಗಿತು. 1930ರ ದಶಕದಲ್ಲಿ ಊರಿನ ಹೆಂಗಸರು ಸೇರಿ ಹಳೆಯ ಮನೆಗಳನ್ನು ಟಿಕೆಟ್ ಇಟ್ಟು ತೋರಿಸಲು ಶುರುಮಾಡಿದರು. ಅದೇ ಈಗಲೂ ಊರಿನ ಹೊಟ್ಟೆಪಾಡು. 1967ರಲ್ಲಿ ಇದೇ ಊರಿನ ಟೈರ್ ಕಾರ್ಖಾನೆಯಲ್ಲಿ, ಅಲ್ಲಿಯವರೆಗೆ ಬಿಳಿಯರಿಗೆ ಮೀಸಲಾಗಿದ್ದ ಕೆಲಸಕ್ಕೆ ಬಡ್ತಿ ಸಿಕ್ಕ ವಾರ್ಲೆಸ್ಟ್ ಜಾಕ್ಸನ್ ಎಂಬವರನ್ನು ಗಾಡಿಯಲ್ಲಿ ಬಾಂಬ್ ಇಟ್ಟು ಕೊಂದರು. ಕೊಂದವರು ಯಾರೂ ಜೈಲಿಗೆ ಹೋಗಲಿಲ್ಲ.

ಕವಲುದಾರಿಯ ಜಾಗ 2021ರಲ್ಲಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಹುಲ್ಲು, ಕೆಲವು ಫಲಕ, ರಸ್ತೆಯ ಸದ್ದು. ನೆಲದಲ್ಲಿ ಒಂದು ಸಿಮೆಂಟ್ ಹಾಸು, ಅದರೊಳಗೆ ಹುದುಗಿಸಿದ ತುಕ್ಕು ಹಿಡಿದ ಬೇಡಿಗಳು. ನಾನು ಹೋದಾಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ಬಗ್ಗಿ ಮುಟ್ಟಿ ನೋಡಿದೆ. ಬಿಸಿಲಿಗೆ ಕಾದಿತ್ತು.

ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿದೆ. ಹುಬ್ಬಳ್ಳಿಯಲ್ಲಿ ರಾತ್ರಿಯಾಗಿತ್ತು. ಹತ್ತಿಯ ಹೊಲ ನೋಡಿದೆ, ಆಯಿ ನೆನಪಾದಳು ಅಂದೆ.

"ಅಲ್ಲಿ ಯಾರ್ ಬಿಡಸ್ತಾರಪಾ ಹತ್ತಿ?"

"ಯಂತ್ರ, ಅವ್ವಾ. ಒಬ್ಬನ ಕೂತು ಇಡೀ ಹೊಲ ಮುಗಸ್ತಾನ."

"ಮತ್ತ ಮೊದಲ ಬಿಡಸ್ತಿದ್ದವ್ರು?"

"ಭಾಳ ಮಂದಿ ಊರ ಬಿಟ್ಟು ಹೋದ್ರು. ಚಿಕಾಗೊ, ಆ ಕಡೆ."

ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹೋಗಾಕ ಬಂತಲ್ಲ, ಚೊಲೋ ಆತು" ಅಂದಳು. ಆಮೇಲೆ, ಊಟ ಆಯಿತೇನು ಅಂತ ಕೇಳಿದಳು.